ಶರ್ಕರೆಯ ದಾರಿ, ಬೆಲ್ಲದ ಹುಡುಕಾಟ

ಪರದೇಶದಲ್ಲಿ ಹೊಸದಾಗಿ ಸಂಸಾರ ಹೂಡಿದ ಕನ್ನಡಿಗರು ಮೊದಲ ಯುಗಾದಿಗೆ ಎರಡು ವಸ್ತುಗಳಿಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ. ಒಂದು ಬೇವು, ಇನ್ನೊಂದು ಬೆಲ್ಲ. ಬೇವಿನದು ಹೇಗೋ ನಡೆದೀತು, ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ ಒಣಗಿದ ಎಲೆಯಾದರೂ ಸಿಕ್ಕೀತು. ಬೆಲ್ಲವಿಲ್ಲದಿದ್ದರೆ ಹೋಳಿಗೆಯ ಹೂರಣವಿಲ್ಲ, ಕಾಯಿಕಡುಬಿಲ್ಲ, ಗಸಗಸೆ ಪಾಯಸವೂ ಇಲ್ಲ. ಕೊನೆಗೊಂದು ಭಾರತೀಯ ಅಂಗಡಿ ಸಿಕ್ಕಿದರೆ ಅಲ್ಲಿನ ಪೊಟ್ಟಣದ ಮೇಲೆ ‘ಜ್ಯಾಗರಿ’ ಎಂದು ಅಚ್ಚಾಗಿರುತ್ತದೆ. ಇಂಗ್ಲಿಷಿನದೆಂದು ನಾವು ಓದಿಕೊಳ್ಳುವ ಆ ಹೆಸರು ಇಂಗ್ಲಿಷಿನಲ್ಲಿ ಹುಟ್ಟಿದ್ದಲ್ಲ. ನಮ್ಮ ‘ಸಕ್ಕರೆ’ ಯಾವ ಮನೆಯ ಮಗಳೋ ಅದೂ ಅದೇ ಮನೆಯದು.

ಆ ಮನೆಯ ಹಿರಿಯ ಪದ ಸಂಸ್ಕೃತದ ‘ಶರ್ಕರಾ’. ಅದರ ಮೊದಲ ಅರ್ಥದಲ್ಲಿ ಸಿಹಿಯ ಸುಳಿವೇ ಇಲ್ಲ. ಶರ್ಕರಾ ಎಂದರೆ ನೊರಜುಗಲ್ಲು, ಹರಳುಮಣ್ಣು. ಸುಶ್ರುತಸಂಹಿತೆ ಮೂತ್ರದಲ್ಲಿ ಬೀಳುವ ಸಣ್ಣ ಕಲ್ಲುಗಳಿಗೂ ಶರ್ಕರಾ ಎಂದೇ ಹೇಳುತ್ತದೆ. ಕಬ್ಬಿನ ಹಾಲನ್ನು ಕಾಯಿಸಿ, ಬತ್ತಿಸಿ, ಹರಳುಗಟ್ಟಿಸುವ ವಿದ್ಯೆ ಕೈಗೆ ಬಂದ ಮೇಲೆ, ಹಲ್ಲಿಗೆ ಸಿಕ್ಕಿ ಕರಕರ ಎನ್ನುವ ಆ ಹೊಸ ವಸ್ತುವಿಗೆ ಜನ ನೊರಜುಗಲ್ಲಿನ ಹೆಸರನ್ನೇ ಇಟ್ಟರು. ರುಚಿಯನ್ನು ಬಿಟ್ಟು ರೂಪವನ್ನು ಹಿಡಿದ ಹೆಸರು ಇದು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಆಯಿತು, ಕನ್ನಡದಲ್ಲಿ ‘ಸಕ್ಕರೆ’ಯಾಗಿ ನೆಲೆ ನಿಂತಿತು. ಹೀಗೆ ಬಂದ ಪದಕ್ಕೆ ಕನ್ನಡಿಗರು ಮತ್ತೆ ‘ಕಲ್ಲು’ ಸೇರಿಸಿ ‘ಕಲ್ಲುಸಕ್ಕರೆ’ ಎಂದರು. ಸಕ್ಕರೆಯೊಳಗೆ ಕಲ್ಲಿನ ಅರ್ಥವಿದ್ದದ್ದು ಅಷ್ಟು ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ. ಪುರಂದರದಾಸರು ಹರಿನಾಮವನ್ನು ಕಲ್ಲುಸಕ್ಕರೆಯೆಂದು ಕೂಗಿ ಮಾರುವ ಕೀರ್ತನೆ ಇವತ್ತಿಗೂ ಮನೆಮನೆಯ ಹಾಡು. ಅವರ ಕಾಲಕ್ಕೆ ಆ ಪದದಲ್ಲಿ ಉಳಿದದ್ದು ಸಿಹಿಯೊಂದೇ.

ಹಳೆಯ ಗ್ರಂಥಗಳಲ್ಲಿ ಶರ್ಕರೆ ಒಂಟಿಯಾಗಿ ಬರುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಕಬ್ಬಿನ ಉತ್ಪನ್ನಗಳನ್ನು ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಸಾಲಾಗಿ ಹೇಳುತ್ತದೆ. ಫಾಣಿತ ನಮ್ಮ ಮಲೆನಾಡಿನ ಜೋನಿಬೆಲ್ಲದಂಥ ಪಾಕ, ಗುಡ ಎಂದರೆ ಉಂಡೆಬೆಲ್ಲ, ಮತ್ಸ್ಯಂಡಿಕಾ ಮೀನಿನ ಮೊಟ್ಟೆಯಂಥ ಕಾಳು, ಖಂಡ ಎಂದರೆ ತುಂಡು. ಎಲ್ಲಕ್ಕಿಂತ ತಿಳಿಯಾದದ್ದು ಶರ್ಕರಾ. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ನೋಡಿದವರೇ ಕೊಡಬಲ್ಲ ಹೆಸರುಗಳಿವು. ನನಗಂತೂ ಈ ಸಾಲು ಯಾವ ನಿಘಂಟಿಗಿಂತಲೂ ಹೆಚ್ಚು ಕಲಿಸಿದೆ. ಪದಗಳು ಆಮೇಲೆ ಎಲ್ಲೆಲ್ಲಿಗೆ ಹೋದವೋ ಅಲ್ಲೆಲ್ಲ ಈ ಮೆಟ್ಟಿಲುಗಳಲ್ಲಿ ಯಾವುದಾದರೊಂದನ್ನು ಹೊತ್ತುಕೊಂಡೇ ಹೋದವು.

ಪಡುವಣ ದಾರಿ ಹಿಡಿದವರಲ್ಲಿ ಶರ್ಕರಾ ಮೊದಲನೆಯದು. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್, ಭಾರತದಲ್ಲಿ ಜೊಂಡಿನೊಳಗೆ ಹೆಪ್ಪುಗಟ್ಟುವ ಒಂದು ಬಗೆಯ ಜೇನಿದೆ, ಉಪ್ಪಿನ ಹಾಗೆ ಹಲ್ಲಿನಡಿ ಪುಡಿಯಾಗುತ್ತದೆ ಎಂದು ಬರೆದ. ಅವನು ಅದನ್ನು ಕರೆದದ್ದು ‘ಸಾಕ್ಖರಾನ್’ ಎಂದು. 1879ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಸಿಕ್ಕಿದ ‘ಸ್ಯಾಕರಿನ್’ ಈ ಕವಲಿನ ಕುಡಿ. ಇನ್ನೊಂದು ಕವಲು ಪಾರಸಿಯ ‘ಶಕರ್’ ಆಗಿ, ಅರಬ್ಬಿಯ ‘ಸುಕ್ಕರ್’ ಆಗಿ ಯುರೋಪಿಗೆ ದಾಟಿತು. ಇಟಲಿಯ ತ್ಸುಕ್ಕೆರೊ, ಫ್ರಾನ್ಸಿನ ಸೂಕ್ರ್, ಜರ್ಮನಿಯ ತ್ಸುಕರ್, ಇಂಗ್ಲಿಷಿನ ಶುಗರ್ ಎಲ್ಲವೂ ಆ ಸುಕ್ಕರ್‌ನ ಮಕ್ಕಳು. ಸ್ಪೇನಿನವರು ಅರಬ್ಬಿಯ ‘ಅಲ್’ ಸಮೇತ ಎತ್ತಿಕೊಂಡದ್ದರಿಂದ ಅವರಲ್ಲಿ ಅದು ‘ಅಸೂಕಾರ್’. ‘ಖಂಡ’ವೂ ಹಿಂದೆ ಬೀಳಲಿಲ್ಲ. ಪಾರಸಿಯಲ್ಲಿ ‘ಕಂದ್’ ಆಗಿ, ಅರಬ್ಬಿ ಮತ್ತು ಫ್ರೆಂಚ್ ದಾಟಿ, ಇಂಗ್ಲಿಷಿನಲ್ಲಿ ‘ಕ್ಯಾಂಡಿ’ ಆಯಿತು.

ಮೂಡಣಕ್ಕೆ ಹೋದದ್ದು ಗುಡ. ಮಲಯ ಮತ್ತು ಇಂಡೊನೇಷ್ಯಾ ಭಾಷೆಗಳಲ್ಲಿ ಸಕ್ಕರೆಗೆ ‘ಗುಲ’ ಎನ್ನುತ್ತಾರೆ. ಸಿಂಗಪುರದಲ್ಲಿರುವ ಕನ್ನಡಿಗರಿಗೆ ‘ಗುಲ ಮಲಾಕ’ ಪರಿಚಿತ. ತಾಳೆ ಜಾತಿಯ ಮರಗಳ ರಸದಿಂದ ಮಾಡುವ ಅದು ನಮ್ಮ ಕರಾವಳಿಯ ಓಲೆಬೆಲ್ಲಕ್ಕೆ ಹತ್ತಿರದ ನೆಂಟ, ಹೆಸರಿನಲ್ಲಲ್ಲ, ರುಚಿಯಲ್ಲಿ. ಚೀನಾದ ತಾಂಗ್ ದೊರೆ ತೈಜುಂಗ್ ಸಕ್ಕರೆ ಮಾಡುವ ಬಗೆ ಕಲಿತು ಬರಲು 647ರಲ್ಲಿ ಮಗಧಕ್ಕೆ ಜನ ಕಳಿಸಿದನೆಂದು ಅವರ ಇತಿಹಾಸಗ್ರಂಥ ಹೇಳುತ್ತದೆ. ಮುಂದೆ ಹಿಂದಿಯಲ್ಲಿ ಬಿಳಿ ಸಕ್ಕರೆಯ ಹೆಸರೇ ‘ಚೀನಿ’ ಆಯಿತು, ಕಲ್ಲುಸಕ್ಕರೆ ಮಿಸ್ರ್ ಅಂದರೆ ಈಜಿಪ್ಟ್ ದೇಶದ ಹೆಸರಿನಿಂದ ‘ಮಿಸ್ರಿ’ ಆಯಿತು.

ಇನ್ನು ಜ್ಯಾಗರಿ. ಮಲಬಾರಿಗೆ ಬಂದ ಪೋರ್ಚುಗೀಸರು ಮಲಯಾಳದ ‘ಚಕ್ಕರ’ ಎಂಬ ಮಾತನ್ನು ‘ಜಾಗರ’ ಎಂದು ಬರೆದುಕೊಂಡರು. ಅವರಿಂದ ಅದು ಇಂಗ್ಲಿಷಿಗೆ ಹೋಯಿತು. ಚಕ್ಕರವೂ ಶರ್ಕರೆಯ ತದ್ಭವವೇ. ಅಂದರೆ ಒಂದೇ ಪದ ಇಂಗ್ಲಿಷಿಗೆ ಎರಡು ಬಾಗಿಲಿನಿಂದ ನುಗ್ಗಿದೆ. ಅರಬ್ಬರ ಬಾಗಿಲಿನಿಂದ ಬಂದದ್ದು ಶುಗರ್, ಮಲಬಾರಿನ ಬಾಗಿಲಿನಿಂದ ಬಂದದ್ದು ಜ್ಯಾಗರಿ. ಅರ್ಥ ಪಲ್ಲಟವಾದದ್ದು ಯುರೋಪಿನಲ್ಲಲ್ಲ, ನಮ್ಮ ನೆರೆಯಲ್ಲೇ. ಮಲಯಾಳದಲ್ಲಿ ‘ಶರ್ಕರ’ ಎಂದರೆ ಬೆಲ್ಲ. ತಮಿಳರ ಸರ್ಕರೈ ಪೊಂಗಲಿಗೆ ಬೀಳುವುದು ಬೆಲ್ಲವೇ ಹೊರತು ಬಿಳಿ ಸಕ್ಕರೆಯಲ್ಲ. ಪಂಜಾಬಿನ ‘ಶಕ್ಕರ್’ ಪುಡಿಬೆಲ್ಲ. ಕನ್ನಡಿಗರಿಗಾದರೋ ಸಕ್ಕರೆ ಎಂದರೆ ಬಿಳಿಯ ಹರಳು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಎದ್ದು ನಿಂತಿತು. ಅದರ ಹಿಂದೆ ದುಡಿದವರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್ ಮುಖ್ಯರು. ಆ ಮೇಲೆ ಮಂಡ್ಯದ ಸೀಮೆ ‘ಸಕ್ಕರೆ ನಾಡು’ ಎನಿಸಿತು, ಪದದ ಅರ್ಥವೂ ಗಟ್ಟಿಯಾಯಿತು.

ಈ ಪಯಣದಲ್ಲಿ ಕಹಿಯೂ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕಬ್ಬಿನ ತುಂಡುಗಳನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ದ. ಆ ಗದ್ದೆಗಳಲ್ಲಿ ಆಫ್ರಿಕದಿಂದ ಹಿಡಿದು ತಂದವರ ಬದುಕು ಸವೆದುಹೋಯಿತು. ಗುಲಾಮಗಿರಿ ನಿಂತ ಮೇಲೆ ಕರಾರಿನ ಕೂಲಿಗಳಾಗಿ ಭಾರತೀಯರು ಹೋದರು. ಮಾರಿಷಸ್ಸಿಗೆ 1834ರಿಂದ, ಫಿಜಿಗೆ 1879ರಿಂದ. 1860ರಲ್ಲಿ ದಕ್ಷಿಣ ಆಫ್ರಿಕದ ನೇಟಾಲಿಗೆ ಮೊದಲ ಹಡಗು ಹೊರಟದ್ದು ಮದರಾಸು ಬಂದರಿನಿಂದ. ಪರದೇಶದ ಅಂಗಡಿಯಲ್ಲಿ ಇವತ್ತು ನಮಗೆ ಬೆಲ್ಲದಂಥದ್ದು ಸಿಗುತ್ತದೆಯೆಂದರೆ ಅದರ ಹಿಂದೆ ಈ ಜನರ ಬೆವರಿದೆ.

ಬೆಲ್ಲದಂಥದ್ದು ಎಂದೆ. ಭಾರತೀಯ ಅಂಗಡಿಯಿಲ್ಲದ ಊರಿನಲ್ಲಿ ಹಲವರು ಬ್ರೌನ್ ಶುಗರ್ ತಂದು ಹೂರಣ ಕಲಸುತ್ತಾರೆ. ಅದು ಬಹುಮಟ್ಟಿಗೆ ಬಿಳಿ ಸಕ್ಕರೆಗೆ ಕಾಕಂಬಿ ಸವರಿದ್ದು. ಬಣ್ಣ ಬರುತ್ತದೆ, ಬೆಲ್ಲದ ಘಮ ಬರುವುದಿಲ್ಲ. ಹುಡುಕಬೇಕಾದದ್ದು ಕಬ್ಬಿನ ಹಾಲನ್ನು ಹಾಗೆಯೇ ಬತ್ತಿಸಿ ಗಟ್ಟಿ ಮಾಡಿದ್ದನ್ನು. ಲ್ಯಾಟಿನ್ ಅಮೆರಿಕದವರ ಅಂಗಡಿಗೆ ಹೋದರೆ ಅದು ಬೇರೆ ಬೇರೆ ಹೆಸರಿನಲ್ಲಿ ಕಾದಿರುತ್ತದೆ. ಕೊಲಂಬಿಯದವರಿಗೆ ‘ಪನೆಲ’, ಮೆಕ್ಸಿಕೊದವರಿಗೆ ‘ಪಿಲೊನ್‌ಸಿಯೊ’, ಬ್ರೆಜಿಲಿನವರಿಗೆ ‘ರಪದೂರ’. ಮೆಕ್ಸಿಕೊದ್ದು ತುದಿ ಕತ್ತರಿಸಿದ ಶಂಕುವಿನ ಆಕಾರದ ಅಚ್ಚು, ನಮ್ಮ ಅಚ್ಚುಬೆಲ್ಲವನ್ನು ನೋಡಿದ ಕಣ್ಣಿಗೆ ಗುರುತು ಹತ್ತಲು ತಡವಾಗದು. ಕೊಲಂಬಿಯದಲ್ಲಿ ಪನೆಲವನ್ನು ನೀರಿನಲ್ಲಿ ಕರಗಿಸಿ, ನಿಂಬೆ ಹಿಂಡಿ ಕುಡಿಯುವ ರೂಢಿಯಿದೆ. ಏಲಕ್ಕಿಯೊಂದು ಬಿದ್ದರೆ ಅದು ರಾಮನವಮಿಯ ಪಾನಕವೇ. ಜಪಾನಿನಲ್ಲಿರುವವರು ಒಕಿನಾವಾದ ‘ಕೊಕುತೊ’ ಕೇಳಬೇಕು. ಜರ್ಮನಿಯಲ್ಲಿ ಸಕ್ಕರೆಯೆಂದರೆ ಸಾಮಾನ್ಯವಾಗಿ ಬೀಟ್ ಗೆಡ್ಡೆಯದು, ಅದರಿಂದ ಬೆಲ್ಲದ ರುಚಿ ಹುಟ್ಟುವುದಿಲ್ಲ. ಅಲ್ಲಿ ಸಾವಯವ ಅಂಗಡಿಗಳಲ್ಲಿ ‘ಫೋಲ್‌ರೋರ್‌ತ್ಸುಕರ್’ ಎಂಬ ಪುಡಿ ಸಿಗುತ್ತದೆ, ಅದು ಕಬ್ಬಿನ ಹಾಲನ್ನೇ ಒಣಗಿಸಿದ್ದು. ಆ ಉದ್ದನೆಯ ಹೆಸರಿನ ಬಾಲದಲ್ಲೂ ಶರ್ಕರೆ ಕೂತಿದೆ.

ಯಾವುದೇ ಹೆಸರಿನ ಪೊಟ್ಟಣವಾದರೂ ಹಿಂಬದಿಯಲ್ಲಿ ಬರೆದ ಪದಾರ್ಥಗಳನ್ನು ಓದಿ. ಕಬ್ಬಿನ ರಸವೊಂದೇ ಇದ್ದರೆ ನಂಬಿ ತನ್ನಿ. ಕರಗಿಸಿ ಸೋಸಿಕೊಳ್ಳಿ. ಪಾಯಸಕ್ಕಾದರೆ ಒಲೆ ಆರಿಸಿ, ಹಾಲು ತುಸು ಆರಿದ ಮೇಲೆ ಸೇರಿಸಿ, ಕುದಿಯುವಾಗ ಹಾಕಿದರೆ ಹಾಲು ಒಡೆಯುವ ಸಂಭವವಿದೆ.

ಇಷ್ಟೆಲ್ಲ ಹೆಸರುಗಳ ನಡುವೆ ‘ಬೆಲ್ಲ’ ಎಲ್ಲಿಯೂ ಹೋಗಲಿಲ್ಲ. ಅದು ದ್ರಾವಿಡದ ಪದ. ತಮಿಳರಿಗೆ ವೆಲ್ಲಂ, ತೆಲುಗರಿಗೆ ಬೆಲ್ಲಂ. ಯಾವ ಹಡಗೂ ಅದನ್ನು ಹೊತ್ತೊಯ್ಯಲಿಲ್ಲ, ಯುರೋಪಿನ ಯಾವ ಭಾಷೆಯೂ ಅದನ್ನು ಬೇಡಲಿಲ್ಲ. ಈಗ ಅದನ್ನು ಹೊತ್ತುಕೊಂಡು ಹೋಗಿರುವವರು ನೀವು. ಅಂಗಡಿಯವರನ್ನು ಪನೆಲ ಎಂದು ಕೇಳಿ, ಜ್ಯಾಗರಿ ಎಂದು ಕೇಳಿ. ತಂದು ಡಬ್ಬಿಗೆ ತುಂಬಿದ ಮೇಲೆ ಮಕ್ಕಳ ಮುಂದೆ ಅದನ್ನು ಬೆಲ್ಲ ಎಂದೇ ಕರೆಯಿರಿ.