ಕೆರೆಯ ಕೋಡಿಯೂ ನಗರದ ಕೊಳಚೆಯೂ

ಕೋಲಾರ ಸೀಮೆಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಲಾರ್ ಹೆಸರಿಗೆ ನದಿ. ಮಳೆ ಬಂದರೆ ನೀರು, ಇಲ್ಲದಿದ್ದರೆ ಮರಳು. ಹೀಗಾಗಿ ಜನ ತಲೆತಲಾಂತರದಿಂದ ನಂಬಿದ್ದು ಕೆರೆಗಳನ್ನು. ಇವು ಸರಪಳಿಯಂತೆ ಹೆಣೆದುಕೊಂಡಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನೀರುಗಂಟಿಯ ಕೆಲಸ. ಅವನ ಸಂಬಳ ಸುಗ್ಗಿಯ ಕಣದಲ್ಲಿ ಸಿಗುವ ಪಾಲು. ಬೇಸಿಗೆಯಲ್ಲಿ ಎತ್ತಿನಗಾಡಿಗಳು ಕೆರೆಯಂಗಳಕ್ಕೆ ಇಳಿಯುತ್ತಿದ್ದವು. ಹೂಳು ಹೊಲಕ್ಕೆ ಗೊಬ್ಬರವಾದರೆ ಕೆರೆಗೆ ಆಳ ಸಿಗುತ್ತಿತ್ತು. ಉಳಿದದ್ದನ್ನು ಎಸೆಯದೆ ಮತ್ತೆ ಉತ್ಪಾದನೆಗೆ ತರುವ ಇಂಥ ಪದ್ಧತಿಗೆ ಇಂದಿನ ಅರ್ಥಶಾಸ್ತ್ರಜ್ಞರು ‘ಆವರ್ತ ಆರ್ಥಿಕತೆ’ ಎನ್ನುತ್ತಾರೆ. ಹೆಸರು ಹೊಸದು, ಅಷ್ಟೆ.

ಕೊಳವೆ ಬಾವಿಗಳು ಬಂದ ಮೇಲೆ ಕೆರೆಯ ಹಂಗು ತಪ್ಪಿತು, ಸರಪಳಿಯೂ ಸಡಿಲವಾಯಿತು. ಮಾಲೂರಿನ ಜೇಡಿ ಇಟ್ಟಿಗೆಯಾಗಿ, ಹೆಂಚಾಗಿ ಊರು ಬಿಟ್ಟಿತು. ತರಕಾರಿ, ಹಾಲು ಬೆಂಗಳೂರಿಗೆ ಹೋದವು. ಇತ್ತ ಬಾವಿಗಳು ಸಾವಿರ ಅಡಿ ದಾಟಿದವು. ನೀರಿನಲ್ಲಿ ಫ್ಲೋರೈಡ್ ಬಂತು.

ನಗರದಿಂದ ಏನಾದರೂ ಹಿಂದಿರುಗಿದ್ದು 2018ರ ಜೂನ್‌ನಲ್ಲಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಬೆಂಗಳೂರು ಜಲಮಂಡಳಿ ಶುದ್ಧೀಕರಿಸುವುದು, ಸಣ್ಣ ನೀರಾವರಿ ಇಲಾಖೆ ಅದನ್ನು ಪಂಪ್ ಮಾಡಿ ಕೋಲಾರಕ್ಕೆ ಹರಿಸುವುದು: ಇದು ಕೆ.ಸಿ. ವ್ಯಾಲಿ ಯೋಜನೆ. ಗುರಿ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಅಲ್ಲಿಂದ ಮುಂದಕ್ಕೆ ಹಳೆಯ ಕೋಡಿ, ಹಳ್ಳಗಳದೇ ದಾರಿ. ಬೆಂಗಳೂರಿನ ನಲ್ಲಿಗಳಲ್ಲಿ ಬಳಕೆಯಾದ ಕಾವೇರಿ ನೀರು ಹೀಗೆ ಪಾಲಾರ್ ಕೊಳ್ಳಕ್ಕೂ ಬಂತೆನ್ನಬಹುದು!

ಆದರೆ ತಿಂಗಳೊಳಗೆ, ಜುಲೈನಲ್ಲಿ, ಕೆರೆಯಲ್ಲಿ ನೊರೆ ಎದ್ದಿತು. ಬೆಳ್ಳಂದೂರಿನ ನೊರೆಯನ್ನು ಕಂಡಿದ್ದ ಜನ ಬೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಹೈಕೋರ್ಟ್ ತಡೆ ನೀಡಿತು, ಸೆಪ್ಟೆಂಬರ್‌ನಲ್ಲಿ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆದು, ಏಪ್ರಿಲ್‌ನಲ್ಲಿ ಅವಕಾಶ ಕೊಟ್ಟಿತು.

ವಿವಾದದ ತಿರುಳು ಒಂದೇ. ಕೊಳಚೆಗೆ ಆಗುತ್ತಿದ್ದುದು ಎರಡು ಹಂತದ ಶುದ್ಧೀಕರಣ. ಮೂರನೆಯ ಹಂತವೂ ಆಗಲಿ, ಇಲ್ಲವಾದರೆ ಕಲ್ಮಶ ಅಂತರ್ಜಲಕ್ಕೆ ಇಳಿದೀತು ಎಂಬುದು ಹೋರಾಟಗಾರರ ವಾದ. ಅಂತರ್ಜಲ ಏರಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿದೆ. ಎರಡನ್ನೂ ತಳ್ಳಿಹಾಕುವಂತಿಲ್ಲ. ಬಾವಿಯಲ್ಲಿ ನೀರು ಬಂದರಷ್ಟೇ ಸಾಲದು, ಅದು ಎಂಥ ನೀರು ಎಂಬುದೂ ಮುಖ್ಯ.

ಇನ್ನೊಂದು ತೊಡಕು ಹಂಚಿಕೆಯದು. ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ. ಕೆರೆ, ಕಾಲುವೆಗಳಿಂದ ನೇರವಾಗಿ ಎತ್ತುವಂತಿಲ್ಲ. ಆದರೂ ದಾರಿಯುದ್ದಕ್ಕೂ ಪಂಪ್‌ಸೆಟ್ಟುಗಳು ಕಂಡವು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕೆರೆಗಳು ಈ ಸರಪಳಿಯ ಕೊನೆಯಲ್ಲಿವೆ. ಮೇಲೆ ಎತ್ತಿದಷ್ಟೂ ಅಲ್ಲಿಗೆ ನೀರು ಕಡಿಮೆ. ಪಂಪು ಕೀಳಿಸಲು ಇಲಾಖೆ, ಪೊಲೀಸರು ಬರಬೇಕಾಯಿತು. ಸರದಿ ನೋಡಿಕೊಳ್ಳುತ್ತಿದ್ದ ನೀರುಗಂಟಿಯನ್ನು ಯಾರೂ ಮತ್ತೆ ಕರೆದಿರಲಿಲ್ಲ.