ಉದ್ಯೋಗ ಅರ್ಜಿಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ

ಉದ್ಯೋಗ ಅರ್ಜಿಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಎಂದರೆ ರೆಸ್ಯೂಮೆ ಅಥವಾ ಬಯೋಡೇಟಾ ಎಂದು ಕರೆಯಲಾಗುವ ಸ್ವವಿವರವನ್ನು ಸಿದ್ಧಪಡಿಸಲು, ಅದರೊಂದಿಗೆ ಕಳುಹಿಸುವ ಕೋರಿಕೆ ಪತ್ರವನ್ನು ಬರೆಯಲು ಹಾಗೂ ಸಂದರ್ಶನಕ್ಕೆ ತಯಾರಾಗಲು ಅಭ್ಯರ್ಥಿಗಳು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ನೆರವು ಪಡೆಯುವುದು. ಬಂದ ಅರ್ಜಿಗಳನ್ನು ವಿಂಗಡಿಸಲು ಉದ್ಯೋಗದಾತರೂ ಇಂತಹ ತಂತ್ರಾಂಶಗಳನ್ನು ಬಳಸುತ್ತಾರೆ. ಹೀಗಾಗಿ ಯಂತ್ರದ ನೆರವಿನಿಂದ ಬರೆದ ಅರ್ಜಿಯನ್ನು ಮೊದಲು ಓದುವುದೂ ಯಂತ್ರವೇ ಆಗಿರುವ ಸಂದರ್ಭಗಳುಂಟು. ಆದರೆ ಅರ್ಜಿಯಲ್ಲಿರುವ ಸಂಗತಿಗಳ ಸತ್ಯಾಸತ್ಯತೆಗೆ ಅಭ್ಯರ್ಥಿಯೇ ಹೊಣೆಗಾರ.

ಹಿನ್ನೆಲೆ

ಅಂತರಜಾಲ ಬರುವ ಮೊದಲು ಅರ್ಜಿಗಳನ್ನು ಕೈಯಲ್ಲಿ ಬರೆದು ಅಥವಾ ಬೆರಳಚ್ಚು ಮಾಡಿಸಿ ಅಂಚೆಯ ಮೂಲಕ ಕಳುಹಿಸಲಾಗುತ್ತಿತ್ತು. 1990ರ ದಶಕದಲ್ಲಿ ಉದ್ಯೋಗ ಜಾಲತಾಣಗಳು ಆರಂಭವಾದವು. ಭಾರತದಲ್ಲಿ ನೌಕ್ರಿ ಜಾಲತಾಣವು 1997ರಲ್ಲಿ ಕಾರ್ಯಾರಂಭ ಮಾಡಿತು. ಒಂದೇ ಹುದ್ದೆಗೆ ಬರುವ ಅರ್ಜಿಗಳ ಸಂಖ್ಯೆ ಹೆಚ್ಚಿದಂತೆ, ಅವುಗಳನ್ನು ಸಂಗ್ರಹಿಸಿ ವಿಂಗಡಿಸುವ ಅರ್ಜಿ ನಿರ್ವಹಣಾ ತಂತ್ರಾಂಶಗಳು ದೊಡ್ಡ ಸಂಸ್ಥೆಗಳಲ್ಲಿ ಬಳಕೆಗೆ ಬಂದವು. 2022ರ ನವೆಂಬರ್ 30ರಂದು ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಬಿಡುಗಡೆ ಮಾಡಿದ ಮೇಲೆ ಇಂತಹ ಬರವಣಿಗೆಯ ನೆರವು ಸಾಮಾನ್ಯ ಅಭ್ಯರ್ಥಿಗಳ ಕೈಗೂ ಎಟುಕಿತು.

ಕಾರ್ಯವಿಧಾನ

ಅರ್ಜಿ ನಿರ್ವಹಣಾ ತಂತ್ರಾಂಶವು ಸ್ವವಿವರದಿಂದ ಹೆಸರು, ವಿದ್ಯಾರ್ಹತೆ, ಅನುಭವ, ಕೌಶಲ ಮುಂತಾದವುಗಳನ್ನು ಬೇರ್ಪಡಿಸಿ ದಾಖಲಿಸುತ್ತದೆ. ಹುದ್ದೆಯ ಪ್ರಕಟಣೆಯಲ್ಲಿರುವ ಪದಗಳಿಗೂ ಸ್ವವಿವರದ ಪದಗಳಿಗೂ ಇರುವ ಹೊಂದಾಣಿಕೆಯನ್ನು ಕೆಲವು ತಂತ್ರಾಂಶಗಳು ಲೆಕ್ಕ ಹಾಕುತ್ತವೆ. ಕೋಷ್ಟಕ, ಚಿತ್ರ ಮತ್ತು ಅಲಂಕಾರಿಕ ವಿನ್ಯಾಸಗಳಲ್ಲಿ ಇರಿಸಿದ ಮಾಹಿತಿ ಕೆಲವೊಮ್ಮೆ ಸರಿಯಾಗಿ ದಾಖಲಾಗುವುದಿಲ್ಲ.

ಅಭ್ಯರ್ಥಿಗಳು ಬಳಸುವ ಬೃಹತ್ ಭಾಷಾ ಮಾದರಿಗಳ ಸ್ವರೂಪ ಬೇರೆ. ಅಪಾರ ಪ್ರಮಾಣದ ಬರಹಗಳಿಂದ ತರಬೇತಿ ಪಡೆದ ಈ ಮಾದರಿಗಳು ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಆಧರಿಸಿ ವಾಕ್ಯ ರಚಿಸುತ್ತವೆ. ಅಭ್ಯರ್ಥಿಯ ಬದುಕಿನ ಬಗ್ಗೆ ಅವನು ಅಥವಾ ಅವಳು ಒದಗಿಸಿದ ಮಾಹಿತಿಯ ಹೊರತು ಬೇರೇನೂ ಅವುಗಳಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಉಪಯೋಗಗಳು

ಭಾಷಾದೋಷಗಳನ್ನು ತಿದ್ದುವುದು, ದೀರ್ಘ ವಿವರಣೆಯನ್ನು ಸಂಕ್ಷೇಪಿಸುವುದು, ಹುದ್ದೆಗೆ ಸಂಬಂಧಿಸಿದ ಅನುಭವವನ್ನು ಮುಂದಕ್ಕೆ ತರುವುದು ಮತ್ತು ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ಊಹಿಸಿಕೊಡುವುದು ಪ್ರಮುಖ ಉಪಯೋಗಗಳು. ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಕಡಿಮೆ ಇರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ತಮ್ಮ ವಿವರಗಳನ್ನು ಕನ್ನಡದಲ್ಲಿಯೇ ನೀಡಿ ಇಂಗ್ಲಿಷ್ ಕರಡನ್ನು ಪಡೆಯಬಹುದು. ಹಿಂದೆ ಇದಕ್ಕಾಗಿ ಬೆರಳಚ್ಚು ಕೇಂದ್ರಗಳನ್ನೋ ಪರಿಚಿತರನ್ನೋ ಅವಲಂಬಿಸಬೇಕಾಗುತ್ತಿತ್ತು.

ಮಿತಿಗಳು

ಭಾಷಾ ಮಾದರಿಗಳು ಇಲ್ಲದ ಸಂಗತಿಯನ್ನು ಇದೆಯೆಂಬಂತೆ ಬರೆಯಬಲ್ಲವು. ಉದಾಹರಣೆಗೆ, "ಬಟ್ಟೆ ಅಂಗಡಿಯಲ್ಲಿ ಎರಡು ವರ್ಷ ಲೆಕ್ಕ ಬರೆಯುತ್ತಿದ್ದೆ" ಎಂಬ ಮಾಹಿತಿಯನ್ನು ಯಂತ್ರವು "ಸಂಸ್ಥೆಯ ಹಣಕಾಸು ವ್ಯವಹಾರವನ್ನು ಮುನ್ನಡೆಸಿ ಲಾಭವನ್ನು ಶೇಕಡಾ 20ರಷ್ಟು ಹೆಚ್ಚಿಸಿದ್ದೇನೆ" ಎಂದು ಹಿಗ್ಗಿಸಬಹುದು. ಇದನ್ನು ಪರಿಶೀಲಿಸದೆ ಸಲ್ಲಿಸಿದರೆ, ಅದು ತಿಳಿದು ಹೇಳಿದ ಸುಳ್ಳಲ್ಲದಿದ್ದರೂ ಸುಳ್ಳು ಮಾಹಿತಿಯೇ ಆಗುತ್ತದೆ. ಸಂದರ್ಶನದಲ್ಲಿ ವಿವರಣೆ ಕೇಳಿದಾಗ ಉತ್ತರಿಸಬೇಕಾದವರು ಅಭ್ಯರ್ಥಿಯೇ. ನೇಮಕಾತಿಯ ನಂತರ ತಪ್ಪು ಬೆಳಕಿಗೆ ಬಂದರೆ ಕೆಲಸವನ್ನೇ ಕಳೆದುಕೊಳ್ಳಬೇಕಾಗಬಹುದು. ಎರಡು ವರ್ಷ ತಪ್ಪಿಲ್ಲದೆ ಲೆಕ್ಕ ಬರೆದದ್ದೇ ಒಂದು ಅರ್ಹತೆ ಎಂಬುದು ಇಂತಹ ಉತ್ಪ್ರೇಕ್ಷೆಯಲ್ಲಿ ಮರೆಯಾಗುತ್ತದೆ.

ಒಂದೇ ಬಗೆಯ ಸೂಚನೆ ಪಡೆದ ಯಂತ್ರವು ಹಲವರಿಗೆ ಒಂದೇ ಬಗೆಯ ವಾಕ್ಯಗಳನ್ನು ನೀಡುವುದರಿಂದ ಅರ್ಜಿಗಳು ಪರಸ್ಪರ ಹೋಲುತ್ತವೆ. ಆಧಾರ್ ಸಂಖ್ಯೆ, ವಿಳಾಸ, ದೂರವಾಣಿ ಸಂಖ್ಯೆ ಮುಂತಾದ ಖಾಸಗಿ ವಿವರಗಳನ್ನು ಇಂತಹ ಸೇವೆಗಳಿಗೆ ನೀಡುವುದರಲ್ಲಿ ಗೋಪ್ಯತೆಯ ಅಪಾಯವೂ ಇದೆ.

ಕನ್ನಡದ ಸಂದರ್ಭದಲ್ಲಿ

ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳು ಯುನಿಕೋಡ್ ಶಿಷ್ಟತೆಯನ್ನು ಅನುಸರಿಸುವುದಿಲ್ಲ. ಅವುಗಳಲ್ಲಿ ಸಿದ್ಧಪಡಿಸಿದ ಸ್ವವಿವರವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿ ದೊರೆಯುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ.

ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಹೆಸರಿನ ಹಿಂದೆ ಇಡುವ ರೂಢಿ ಕರ್ನಾಟಕದಲ್ಲಿದೆ. ಮೊದಲ ಹೆಸರು ಮತ್ತು ಕುಲನಾಮ ಎಂಬ ವಿಭಜನೆಯನ್ನು ನಿರೀಕ್ಷಿಸುವ ತಂತ್ರಾಂಶಗಳು ಇಂತಹ ಹೆಸರನ್ನು ತಪ್ಪಾಗಿ ದಾಖಲಿಸಬಹುದು. ಆದ್ದರಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಹೆಸರು ದಾಖಲಾಗಿದೆಯೇ ಎಂದು ನೋಡಿಕೊಳ್ಳುವುದು ಅಗತ್ಯ.

ಕರ್ನಾಟಕ ಲೋಕಸೇವಾ ಆಯೋಗದಂತಹ ಸಂಸ್ಥೆಗಳು ನಡೆಸುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕಾಗಿರುವುದರಿಂದ ಅಲ್ಲಿ ಈ ಬಳಕೆಗೆ ಅವಕಾಶ ಕಡಿಮೆ.

ಪಕ್ಷಪಾತದ ಪ್ರಶ್ನೆ

ಮಾನವರ ಆಯ್ಕೆಯಲ್ಲಿಯೂ ಪಕ್ಷಪಾತವಿರುತ್ತದೆ. ಮೇರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋ ನಗರಗಳಲ್ಲಿ ಕಾಲ್ಪನಿಕ ಸ್ವವಿವರಗಳನ್ನು ಕಳುಹಿಸಲಾಗಿತ್ತು. ಕಪ್ಪುವರ್ಣೀಯರದೆಂದು ತೋರುವ ಹೆಸರುಗಳಿಗಿಂತ ಬಿಳಿಯರದೆಂದು ತೋರುವ ಹೆಸರುಗಳಿಗೆ ಸುಮಾರು ಶೇಕಡಾ 50ರಷ್ಟು ಹೆಚ್ಚು ಕರೆಗಳು ಬಂದವು.

ಹಳೆಯ ಆಯ್ಕೆಗಳಿಂದ ಕಲಿಯುವ ಯಂತ್ರವು ಹಳೆಯ ಪಕ್ಷಪಾತವನ್ನೂ ಕಲಿಯಬಲ್ಲದು. ಅಮೆಜಾನ್ ಸಂಸ್ಥೆಯು 2014ರಿಂದ ಅಭಿವೃದ್ಧಿಪಡಿಸುತ್ತಿದ್ದ ಪ್ರಾಯೋಗಿಕ ತಂತ್ರಾಂಶವು ಮಹಿಳೆಯರನ್ನು ಸೂಚಿಸುವ ಪದವಿದ್ದ ಸ್ವವಿವರಗಳಿಗೆ ಕಡಿಮೆ ಅಂಕ ನೀಡುತ್ತಿತ್ತು, ಹಾಗಾಗಿ ಅದನ್ನು ಕೈಬಿಡಲಾಯಿತು ಎಂದು 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದು ಕಲಿತ ಹಿಂದಿನ ಸ್ವವಿವರಗಳಲ್ಲಿ ಹೆಚ್ಚಿನವು ಪುರುಷರವಾಗಿದ್ದವು.

ಕಾನೂನು

ನ್ಯೂಯಾರ್ಕ್ ನಗರವು ಸ್ವಯಂಚಾಲಿತ ನೇಮಕಾತಿ ಸಾಧನಗಳ ಪಕ್ಷಪಾತ ಪರಿಶೋಧನೆಯನ್ನು ಕಡ್ಡಾಯಗೊಳಿಸಿದ್ದು, ಈ ಕಾನೂನಿನ ಜಾರಿ 2023ರ ಜುಲೈ 5ರಂದು ಆರಂಭವಾಯಿತು. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯಿದೆಯು ಅರ್ಜಿಗಳನ್ನು ವಿಂಗಡಿಸುವ ತಂತ್ರಾಂಶಗಳನ್ನು ಹೆಚ್ಚಿನ ಅಪಾಯದ ವರ್ಗದಲ್ಲಿ ಸೇರಿಸಿದೆ. ಭಾರತದಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ರೂಪಿಸಲಾಗಿದೆ.

ಇವನ್ನೂ ನೋಡಿ

- ಕೃತಕ ಬುದ್ಧಿಮತ್ತೆ
- ಚಾಟ್‌ಜಿಪಿಟಿ
- ಯುನಿಕೋಡ್
- ನುಡಿ ತಂತ್ರಾಂಶ