ಬ್ಯಾಂಕಿನ ಕಂತೆಯಲ್ಲಿ ದೊರೆಯುವ ಅಪೂರ್ವ ನೋಟುಗಳು: ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲೆಯಿಂದ ಒಂದು ವಿಚಾರ

ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಈಗ ಆತಕೂರಿನಲ್ಲಿಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ನಾಯಿಯ ವೃತ್ತಾಂತವನ್ನೂ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂಗತಿಯನ್ನೂ ಒಂದೇ ಕಲ್ಲಿನಲ್ಲಿ ತಿಳಿಸುವ ಈ ಹತ್ತನೆಯ ಶತಮಾನದ ಶಾಸನವು ಊರನ್ನು ಬಿಟ್ಟು ಹೋದರೂ ತನ್ನ ಸಾಕ್ಷ್ಯಬಲವನ್ನು ಕಳೆದುಕೊಳ್ಳಲಿಲ್ಲ. ಅದು ದೊರೆತ ಸ್ಥಳವು ಬರಹದಲ್ಲಿ ಉಳಿದಿದೆ. ಸ್ಥಳವನ್ನು ಸರಿಯಾಗಿ ನಮೂದಿಸದಿದ್ದರೆ ಆಗುವ ತೊಡಕಿಗೆ ಮಳವಳ್ಳಿಯ ಹೆಸರೇ ಉದಾಹರಣೆ. ಶಾತಕರ್ಣಿಯ ಪ್ರಾಕೃತ ಶಾಸನವುಳ್ಳ ಮಳವಳ್ಳಿಯು ಶಿಕಾರಿಪುರ ತಾಲ್ಲೂಕಿನದು. ತಾಲ್ಲೂಕನ್ನು ನೋಡದೆ ಓದಿದ ವಿದ್ಯಾರ್ಥಿಗಳು ಅದನ್ನು ಮಂಡ್ಯ ಜಿಲ್ಲೆಗೆ ತಂದಿಟ್ಟುದನ್ನು ಉತ್ತರಪತ್ರಿಕೆಗಳಲ್ಲಿ ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಕಲ್ಲಿನ ವಿಷಯದಲ್ಲಿ ನಾವು ವಹಿಸುವ ಈ ಎಚ್ಚರವನ್ನು ಕಾಗದದ ಹಣದ ವಿಷಯದಲ್ಲಿ ವಹಿಸುತ್ತಿಲ್ಲ. ಬ್ಯಾಂಕಿನಿಂದ ನೋಟಿನ ಕಂತೆಗಳನ್ನು ಪಡೆದು, ಒಂದೊಂದನ್ನೂ ಮಗುಚಿ ನೋಡಿ, ಅಪೂರ್ವವಾದುದನ್ನು ಇಟ್ಟುಕೊಂಡು ಉಳಿದವನ್ನು ಮತ್ತೆ ಬ್ಯಾಂಕಿಗೇ ಕಟ್ಟುವ ಹವ್ಯಾಸವು ಇಂದು ದೊಡ್ಡ ನಗರಗಳಿಗೆ ಮಾತ್ರ ಸೀಮಿತವಾಗಿಲ್ಲ. ಕಂತೆಯೊಂದಕ್ಕೆ ನೂರು ನೋಟು. ಹತ್ತು ಕಂತೆ ಸೇರಿ ಒಂದು ಬಂಡಲು. ಹೊಸ ಕಂತೆಯಲ್ಲಿ ಹುಡುಕುವವರ ಗಮನವೆಲ್ಲ ಸಂಖ್ಯೆಯ ಮೇಲೆ: ಆರೂ ಅಂಕಿ ಒಂದೇ ಆಗಿರುವುದು, ಹಿಂದುಮುಂದಾಗಿ ಓದಿದರೂ ಒಂದೇ ಆಗುವುದು, ೭೮೬ ಇರುವುದು, ಹುಟ್ಟಿದ ದಿನಕ್ಕೆ ಹೊಂದುವುದು. ಇವಕ್ಕೆ ಬೆಲೆಯುಂಟು, ಚರಿತ್ರೆಗೆ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ನಕ್ಷತ್ರದ ಗುರುತುಳ್ಳ ನೋಟಿನ ಮಾತು ಬೇರೆ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಮೊದಲು ಅದೇ ಸಂಖ್ಯೆಯ ಇನ್ನೊಂದನ್ನು ಅಚ್ಚು ಮಾಡಿ ಸೇರಿಸುತ್ತಿದ್ದರು. ೨೦೦೬ರಲ್ಲಿ ರಿಸರ್ವ್ ಬ್ಯಾಂಕು ಹತ್ತು, ಇಪ್ಪತ್ತು, ಐವತ್ತು ರೂಪಾಯಿಗಳ ನೋಟುಗಳಲ್ಲಿ ಈ ಕ್ರಮವನ್ನು ಬಿಟ್ಟು, ಮೊದಲಕ್ಷರಗಳಿಗೂ ಸಂಖ್ಯೆಗೂ ನಡುವೆ ನಕ್ಷತ್ರವನ್ನಿಟ್ಟ ಬದಲಿ ನೋಟುಗಳನ್ನು ಬಳಕೆಗೆ ತಂದಿತು. ಅಂತಹವು ಇರುವ ಕಂತೆಯ ಪಟ್ಟಿಯ ಮೇಲೆಯೇ ಆ ಸಂಗತಿಯನ್ನು ನಮೂದಿಸುವ ಏರ್ಪಾಡೂ ಆಯಿತು. ಐದುನೂರರ ನೋಟಿಗೆ ಈ ಗುರುತು ಬಂದುದು ೨೦೧೬ರಲ್ಲಿ. ೨೦೨೩ರಲ್ಲಿ ಇವು ಖೋಟಾ ಎಂಬ ವದಂತಿ ಹಬ್ಬಿ, ಇವು ಸಕ್ರಮವಾದುವೆಂದು ರಿಸರ್ವ್ ಬ್ಯಾಂಕೇ ತಿಳಿಸಬೇಕಾಯಿತು.

ಹಳೆಯ ನೋಟುಗಳ ಕಂತೆಯೇ ನಮ್ಮ ದೃಷ್ಟಿಯಿಂದ ಹೆಚ್ಚು ಸಂಪನ್ನವಾದುದು. ಅಲ್ಲಿ ಮೊದಲು ನೋಡತಕ್ಕುದು ರುಜು. ಡಾ. ಮನಮೋಹನ ಸಿಂಗ್ ಅವರ ರುಜುವು ಒಂದು ರೂಪಾಯಿಯ ನೋಟಿನಲ್ಲಿ ಹಣಕಾಸು ಇಲಾಖೆಯ ಕಾರ್ಯದರ್ಶಿಯದಾಗಿಯೂ, ೧೯೮೨ರ ಬಳಿಕ ಇತರ ನೋಟುಗಳಲ್ಲಿ ಗವರ್ನರರದಾಗಿಯೂ ದೊರೆಯುತ್ತದೆ. ೧೯೭೦ರಲ್ಲಿ ಕೇವಲ ಆರು ವಾರಗಳ ಕಾಲ ಗವರ್ನರರಾಗಿದ್ದ ಬಿ. ಎನ್. ಆದರ್ಕರ್ ಅವರ ರುಜುವು ಗಾಂಧೀ ಜನ್ಮಶತಾಬ್ದಿಯ ನೋಟುಗಳಲ್ಲಿ ಉಳಿದಿದೆ. ಎರಡನೆಯದು ವರ್ಷ. ರಿಸರ್ವ್ ಬ್ಯಾಂಕಿನ ನೋಟುಗಳ ಹಿಂಬದಿಯಲ್ಲಿ ಮುದ್ರಣದ ವರ್ಷವು ಕಾಣಿಸಿಕೊಂಡುದು ೨೦೦೫ರಿಂದ. ೨೦೧೪ರ ಜನವರಿಯಲ್ಲಿ ಬ್ಯಾಂಕು, ವರ್ಷವಿಲ್ಲದ ನೋಟುಗಳನ್ನೆಲ್ಲ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಅದರ ಮೇಲೆ ೨೦೧೬ರ ನವೆಂಬರ್ ೮ರ ನೋಟುರದ್ದತಿಯೂ ಬಂದಿತು. ಹೀಗೆ ಹಿಂದಿರುಗಿದ ನೋಟುಗಳು ಯಂತ್ರದಲ್ಲಿ ಚೂರಾಗುತ್ತವೆ. ಆದುದರಿಂದ ಹಳೆಯ ರುಜುಗಳು ಕಂತೆಗಳಲ್ಲಿ ಸಿಕ್ಕುವುದು ವರ್ಷವರ್ಷಕ್ಕೆ ವಿರಳವಾಗುತ್ತಿದೆ.

ಮೂರನೆಯದು ನೋಟಿನ ಮೈಮೇಲಿನ ಗಾಯಗಳು. ಸಂಗ್ರಾಹಕರೊಡನೆ ನಾನು ಒಪ್ಪಲಾರದುದು ಇಲ್ಲಿಯೇ. ಹಿಂದೆ ಬ್ಯಾಂಕುಗಳಲ್ಲಿ ಕಂತೆಯನ್ನು ತಂತಿಯ ಪಿನ್ನು ಹೊಡೆದು ಭದ್ರಪಡಿಸುತ್ತಿದ್ದರು. ೨೦೦೧ರಲ್ಲಿ ರಿಸರ್ವ್ ಬ್ಯಾಂಕು ಇದನ್ನು ನಿಲ್ಲಿಸುವಂತೆ ಆಜ್ಞೆ ಮಾಡಿತು. ಎಡಬದಿಯ ಬಿಳಿಯ ಭಾಗದಲ್ಲಿ ಹಲವು ರಂಧ್ರಗಳಿರುವ ನೋಟು ಹಲವು ಬಾರಿ ಬ್ಯಾಂಕಿನ ಒಳಹೊಕ್ಕು ಹೊರಬಂದುದೆಂದು ಊಹಿಸಬಹುದು. ಗುಮಾಸ್ತನು ಬರೆದ ಎಣಿಕೆ, ರಬ್ಬರು ಮೊಹರಿನ ಮಸಕು, ಯಾರೋ ಗೀಚಿದ ಹೆಸರು, ಇವೆಲ್ಲವೂ ಅಂಗಡಿಯಲ್ಲಿ ಬೆಲೆಯನ್ನು ತಗ್ಗಿಸುವ ದೋಷಗಳು. ನಮಗೆ ಅವೇ ಆಧಾರಗಳು. ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿಯೂ, ಹೊರರಾಜ್ಯಗಳಿಗೆ ಎಳನೀರನ್ನು ಕಳುಹಿಸುವ ಮದ್ದೂರಿನ ಮಾರುಕಟ್ಟೆಯಲ್ಲಿಯೂ ಕೈಬದಲಾಗುವ ಹಣವು ಬಹುದೂರದಿಂದ ಬಂದಿರಬಹುದು. ಮುದ್ರಣಾಲಯ ನೆರೆಯ ಮೈಸೂರಿನಲ್ಲಿಯೇ ೧೯೯೬ರಿಂದ ನಡೆಯುತ್ತಿದ್ದರೂ, ಅಲ್ಲಿನ ನೋಟು ನೇರವಾಗಿ ಮಂಡ್ಯಕ್ಕೆ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ಕಚೇರಿ, ಬ್ಯಾಂಕುಗಳ ಹಣದ ಖಜಾನೆ ಇವನ್ನು ಹಾದು ಬರಬೇಕು. ಈ ಸಂಚಾರವನ್ನು ಅರಿಯಬೇಕಾದರೆ ಯಾವ ನೋಟು ಯಾವ ಊರಿನಲ್ಲಿ ಯಾವ ದಿನ ಕಂಡಿತೆಂಬುದು ತಿಳಿದಿರಬೇಕು. ಆಲ್ಬಮ್ಮಿನಲ್ಲಿ ಸೇರಿಸಿದ ನೋಟಿನ ಪಕ್ಕದಲ್ಲಿ ಬೆಲೆಯನ್ನು ಬರೆದಿರುತ್ತಾರೆ, ಇದನ್ನು ಬರೆದಿರುವುದಿಲ್ಲ.

ಬೆಲೆಯ ಮೋಹಕ್ಕೆ ಇನ್ನೊಂದು ಕೇಡೂ ಉಂಟು. ಹಳೆಯ ನೋಟಿಗೆ ಲಕ್ಷಾಂತರ ರೂಪಾಯಿ ಕೊಡಿಸುವೆವೆಂದು ನಂಬಿಸಿ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಶುಲ್ಕವನ್ನು ಕೀಳುವವರ ವಿಷಯವಾಗಿ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ಒಂದು ರೂಪಾಯಿಯ ನೋಟಿನ ವಿಷಯವನ್ನು ಕಡೆಗೆ ಉಳಿಸಿಕೊಂಡೆನು. ೧೯೧೭ರಲ್ಲಿ, ಮಹಾಯುದ್ಧದಿಂದ ಬೆಳ್ಳಿಗೆ ಅಭಾವವಾದಾಗ, ಹುಟ್ಟಿದ ಈ ನೋಟು ರಿಸರ್ವ್ ಬ್ಯಾಂಕಿನದಲ್ಲ, ಭಾರತ ಸರ್ಕಾರದ್ದು. ಕಾನೂನಿನ ದೃಷ್ಟಿಯಲ್ಲಿ ನಾಣ್ಯಕ್ಕೆ ಸಮಾನ. ೧೯೯೪ರಲ್ಲಿ ನಿಂತುಹೋದ ಇದರ ಮುದ್ರಣವನ್ನು ೨೦೧೫ರಲ್ಲಿ ಮತ್ತೆ ತೊಡಗಿದರು. ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಮಾಡುವವರು ಐವತ್ತೊಂದು, ನೂರೊಂದು ಎಂದು ಮೇಲೊಂದನ್ನು ಸೇರಿಸಿಯೇ ಕೊಡುವುದರಿಂದ, ಬೇರೆಡೆ ಮರೆಯಾದ ಈ ನೋಟಿಗೆ ಇಲ್ಲಿ ಬೇಡಿಕೆ ಉಳಿದಿದೆ. ಮುಯ್ಯಿಯನ್ನು ಪುಸ್ತಕದಲ್ಲಿ ಹೆಸರು, ಊರು, ಮೊತ್ತಗಳೊಡನೆ ಬರೆದಿಡುವ ಪದ್ಧತಿಯೂ ಉಂಟು. ನೋಟಿನ ಇತಿಹಾಸವನ್ನು ಬಯಸುವವನಿಗೆ ಇದಕ್ಕಿಂತ ಉತ್ತಮವಾದ ಕಡತ ಬೇರೆಲ್ಲಿ ಸಿಕ್ಕೀತು?

ಮಳವಳ್ಳಿಯ ಕಡೆಯ ಒಂದು ಮನೆಯಲ್ಲಿ ಅಂತಹ ಪುಸ್ತಕವೊಂದನ್ನು ನನಗೆ ತೋರಿಸಿದರು. ಅದರಲ್ಲಿ ಒಂದು ಹೆಸರಿನ ಎದುರಿಗೆ, ಕೊಟ್ಟ ನೋಟನ್ನೇ ಗುಂಡುಸೂಜಿಯಿಂದ ಸಿಕ್ಕಿಸಿಟ್ಟಿದ್ದರಂತೆ. ಅದನ್ನು ಏಕೆ ಖರ್ಚು ಮಾಡಲಿಲ್ಲವೆಂಬುದು ಮನೆಯ ಹಿರಿಯರಿಗೂ ನೆನಪಿರಲಿಲ್ಲ. ಹುಡುಗರು ಅದನ್ನು ಕಿತ್ತು ಮಾರಿದ್ದರು. ಅದರಲ್ಲಿ ಯಾವ ವರ್ಷವಿತ್ತು, ಯಾರ ರುಜುವಿತ್ತು ಎಂದು ಕೇಳಿದೆನು. ಅದನ್ನು ಯಾರೂ ನೋಡಿರಲಿಲ್ಲ. ಪುಟದಲ್ಲಿ ಹೆಸರೂ ಊರೂ "೧ ರೂ." ಎಂಬ ಬರಹವೂ ಇದ್ದುವು, ಪಕ್ಕದಲ್ಲಿ ಸೂಜಿಯ ತುಕ್ಕಿನ ಎರಡು ಕಲೆಗಳಿದ್ದುವು.